ಬೀಗರ ಯುದ್ಧಕ್ಕೆ ತೋಪಿಲ್ಲದ ಟ್ಯಾಂಕು

ಭಾನುವಾರ ಬಂತೆಂದರೆ ನಮ್ಮ ಸೋದರಮಾವ ಯುದ್ಧಕ್ಕೆ ನಿಲ್ಲುತ್ತಾರೆ. ಅದೂ ಯಾರ ಮೇಲೆ? ಮಗಳನ್ನು ಕೊಟ್ಟ ಮನೆಯ ಬೀಗರ ಮೇಲೆ! ಗಾಬರಿಯಾಗಬೇಡಿ. ರಣರಂಗವೆಂದರೆ ಜಲನಗರದ ಮಾಮಾನ ಮನೆಯ ಊಟದ ಮೇಜು. ಸೈನ್ಯವೆಂದರೆ ಬೆರಳುದ್ದದ ಟ್ಯಾಂಕು, ಜೀಪು, ಕಡಲೆಕಾಳಿನಷ್ಟು ತಲೆಯ ಸಿಪಾಯಿಗಳು. ನಿವೃತ್ತ ಭೂಗೋಳದ ಮಾಸ್ತರರಾದ ಮಾಮಾ ದಿಂಬಿನ ಮೇಲೆ ಚಾದರ ಹೊದಿಸಿ ಗುಡ್ಡ ಮಾಡುತ್ತಾರೆ, ಜೋಳದ ಹಿಟ್ಟು ಉದುರಿಸಿ ಮರುಭೂಮಿ ಮಾಡುತ್ತಾರೆ. ಬಂಡೆಗಲ್ಲುಗಳಿಗೆಂದು ಬೀಗರು ತಿಕೋಟಾದ ತಮ್ಮ ತೋಟದ ಒಣದ್ರಾಕ್ಷಿ ತರುತ್ತಾರೆ. ಯುದ್ಧ ಮುಗಿಯುವಷ್ಟರಲ್ಲಿ ಒಂದು ಬಂಡೆಯೂ ಉಳಿದಿರುವುದಿಲ್ಲ. ಇಬ್ಬರೂ ಕೂಡಿ ತಿಂದಿರುತ್ತಾರೆ.

ಇನ್ನು ಯುದ್ಧದ ರೀತಿ ಕೇಳಿ. ಮನೆಗೆ ಬಂದ ಬೀಗರ ಮೇಲೆ, ಅದರಲ್ಲೂ ಗಂಡಿನ ಕಡೆಯವರ ಮೇಲೆ, ಗುಂಡು ಹಾರಿಸಲು ಯಾರಿಗೆ ಮನಸ್ಸು ಬಂದೀತು?

“ನೀವ ಮೊದಲು ಹೊಡೀರಿ ಬೀಗರ,” ಎನ್ನುತ್ತಾರೆ ಮಾಮಾ.

“ಛೇ ಛೇ, ನೀವು ಹಿರ್ಯಾರು. ನೀವ ಹೊಡೀರಿ,” ಎನ್ನುತ್ತಾರೆ ಬೀಗರು.

“ಗಂಡಿನ ಕಡ್ಯಾವರ ಮ್ಯಾಲೆ ನಾ ಹೆಂಗ ಹೊಡೀಲ್ರಿ?”

ಇಷ್ಟರಲ್ಲಿ ಎರಡು ಸಲ ಚಹಾ ಆಗಿರುತ್ತದೆ. ಕೊನೆಗೆ ಯಾರಾದರೂ ಕವಡೆ ಉರುಳಿಸಿ ಎದುರಿನವರ ಟ್ಯಾಂಕು ಉಡಾಯಿಸಿದರೆ, ತಕ್ಷಣ ಕೈಮುಗಿದು “ತಪ್ಪು ತಿಳಕೋಬ್ಯಾಡ್ರಿ” ಎನ್ನಬೇಕು. ಅದು ಇವರ ಯುದ್ಧದ ನಿಯಮ. ಸೋತವರಿಗೆ ಟಾವೆಲ್ಲು, ಟೋಪಿ ಕೊಟ್ಟು ಆಯೇರಿ ಮಾಡುವುದೊಂದು ಬಾಕಿ!

ಇಂಥ ಯುದ್ಧವೂ ಒಮ್ಮೆ ನಿಂತುಹೋಯಿತು. ಬಬಲೇಶ್ವರದ ನೆಂಟರ ಮನೆಯಲ್ಲಿ ಮಗುವಿನ ಜವಳ. ಹೋಳಿಗೆ ಊಟ ಜೋರಾಗಿತ್ತು. ಹೊಟ್ಟೆ ತುಂಬಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಒಬ್ಬ ನೆಂಟ, ಪ್ರಾಯದಲ್ಲಿ ಮಿಲಿಟರಿಯಲ್ಲಿದ್ದ ನಮ್ಮ ಬೀಗರನ್ನು ಹಿಡಿದುಕೊಂಡ.

“ಎಷ್ಟು ಮಂದಿ ವೈರಿಗಳನ್ನ ಉಡಾಯ್ಸೀರಿ?”

“ಒಬ್ಬರನ್ನೂ ಇಲ್ಲರಿ. ಕೆಟ್ಟು ನಿಂತ ಟ್ಯಾಂಕ್ ಜಗ್ಗಿ ತರೋ ಗಾಡಿ ನಡಸ್ತಿದ್ದೆ.”

“ಹಂಗಾದ್ರ ಗ್ಯಾರೇಜ್ ಕೆಲಸ ಅನ್ರಿ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೀಗರೂ ನಕ್ಕರು. ಆದರೆ ಮುಂದಿನ ಭಾನುವಾರ ಅವರು ಬರಲಿಲ್ಲ. ಮೊಣಕಾಲು ನೋವೆಂದು ಫೋನ್ ಬಂತು. ಅದರ ಮುಂದಿನ ವಾರವೂ ಅದೇ ಮಾತು. ವಾರವೆಲ್ಲ ದ್ರಾಕ್ಷಿ ತೋಟ ಸುತ್ತುವ ಮೊಣಕಾಲು ಭಾನುವಾರವೇ ಏಕೆ ನೋಯಬೇಕು? ಮಾಮಾಗೆ ಅರ್ಥವಾಗದೆ ಇರಲಿಲ್ಲ. ಹಿಟ್ಟು ಹರಡಿದ ಮೇಜಿನ ಮುಂದೆ ಒಬ್ಬರೇ ಕೂತಿದ್ದರು.

“ಯವ್ವಾ, ಅವರು ನಡಸ್ತಿದ್ದ ಗಾಡಿ ನಮ್ಮ ಸೈನ್ಯದಾಗ ಇಲ್ಲ ನೋಡು,” ಎಂದರು ನನಗೆ. “ಅದನ್ನ ತಂದು ಇಟ್ಟ ಮ್ಯಾಲೆ ಅವರನ್ನ ಕರೀತೇನಿ.”

ಹೇಳಿದಷ್ಟು ಸುಲಭವೇ! ಮೈ ಟ್ಯಾಂಕಿನದೇ, ಆದರೆ ಮೇಲೆ ತೋಪಿನ ಬದಲು ಕ್ರೇನು. ಇಂಥ ಗಾಡಿಯ ಗೊಂಬೆ ಯಾರು ಮಾಡುತ್ತಾರೆ? ಫೋನಿನಲ್ಲಿ ಹುಡುಕಿ ಹುಡುಕಿ ನನ್ನ ಕಣ್ಣು ಸೋತವು. ತೋಪು ಚಾಚಿ ನಿಂತ ಟ್ಯಾಂಕುಗಳು ಬೇಕಾದಷ್ಟು, ಇದೊಂದು ಮಾತ್ರ ಇಲ್ಲ! ಕೊನೆಗೆ ಮಾಮಾ ನನ್ನನ್ನು ಗಾಂಧಿ ಚೌಕದ ಆಟಿಕೆ ಅಂಗಡಿಗೆ ಎಳೆದುಕೊಂಡು ಹೋದರು.

“ತೋಪಿಲ್ಲದ ಟ್ಯಾಂಕ್ ಐತೇನ್ರಿ?”

ಅಂಗಡಿಯವನು ಮಾಮಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಯಪ್ಪಾ, ಈ ಊರಿಗೆ ಮಂದಿ ಬುರುಜಿನ ಮ್ಯಾಲಿನ ದೊಡ್ಡ ತೋಪ್ ನೋಡಾಕ ಬರ್ತಾರ, ನೀವು ತೋಪಿಲ್ಲದ್ದು ಕೇಳಾಕತ್ತೀರಲ್ರಿ! ತಡೀರಿ, ತೋಪ್ ಮುರದದ್ದು ಒಂದು ಐತಿ. ಕಮ್ಮಿ ಮಾಡಿ ಕೊಡ್ತೇನಿ.”

ಮುರಿದದ್ದನ್ನೇ ತಂದರು. ಅಲ್ಲಿಂದ ಅತ್ತೆಯ ಸಾಮಾನುಗಳಿಗೆ ಶನಿ ಹಿಡಿಯಿತು. ಅವರ ಕೊಡೆಯ ಕಡ್ಡಿ ಕ್ರೇನಾಯಿತು. ಸೀರೆಯ ಪಿನ್ನು ಕೊಂಡಿಯಾಯಿತು, ಹೊಲಿಗೆ ಯಂತ್ರದ ಬಾಬಿನ್ನು ಹಗ್ಗ ಸುತ್ತುವ ಗಾಲಿಯಾಯಿತು. ಹಗ್ಗವೋ, ಮೊಮ್ಮಗನಿಗೆಂದು ತಂದಿಟ್ಟಿದ್ದ ಕರಿ ಉಡದಾರ!

“ಇನ್ನ ನನ್ನ ತಾಳಿ ಒಂದ ಉಳದೈತಿ ನೋಡ್ರಿ!” ಎಂದು ಅತ್ತೆ ರೇಗಿದರು.

ಮಾಮಾ ತಲೆಯೆತ್ತಿ ತಾಳಿಯನ್ನು ಒಂದು ಕ್ಷಣ ಪರೀಕ್ಷಿಸಿದರು. “ಬ್ಯಾಡ ಬಿಡು. ಬಣ್ಣ ಹೊಂದೂದಿಲ್ಲ.”

ಗಾಡಿ ಸಿದ್ಧವಾದ ಭಾನುವಾರ ಮಾಮಾ ತಾವೇ ಫೋನ್ ಮಾಡಿ, “ಯುದ್ಧದಾಗ ಕಷ್ಟ ಬಂದೈತ್ರಿ ಬೀಗರ, ನೀವು ಬರಲೇಬೇಕು,” ಎಂದರು. ಬೀಗರು ಒಣದ್ರಾಕ್ಷಿಯ ಚೀಲ ಹಿಡಿದು, ಒಲ್ಲದ ಮನಸ್ಸಿನಿಂದಲೇ ಬಂದರು. ಮೇಜಿನ ತಮ್ಮ ಕಡೆ ನಿಂತಿದ್ದ ಗಾಡಿಯನ್ನು ನೋಡಿ ಕುರ್ಚಿ ಎಳೆದು ಕೂತರು. ಬೆರಳಿನಿಂದ ಬಾಬಿನ್ನು ತಿರುಗಿಸಿದರು. ಉಡದಾರ ಸುತ್ತಿಕೊಂಡು ಕೊಂಡಿ ಮೇಲೆ ಬಂತು.

“ಗುಂಡು ಬೀಳಾಕತ್ತಾಗನ ಹೋಗಬೇಕಾಗ್ತಿತ್ರಿ,” ಎಂದರು. “ಗಾಡಿ ಜಗ್ಗಾಕ ಅಂತ ಮಂದಿಗೆ ಹೇಳೂದಷ್ಟ. ಒಳಗ ನಮ್ಮ ಹುಡುಗ್ರು ಸಿಕ್ಕೊಂಡಿರ್ತಿದ್ರು.”

ಅತ್ತೆಯ ಕೈಯಲ್ಲಿದ್ದ ಚಹಾ ಅಲ್ಲೇ ಉಳಿಯಿತು. ನನಗಂತೂ ಅಳು ತಡೆಯಲಾಗಲಿಲ್ಲ.

ಮಾಮಾ ಮೇಜಿನ ಆಚೆ ತುದಿಯಲ್ಲಿದ್ದ ತಮ್ಮ ಎಲ್ಲಕ್ಕಿಂತ ದೊಡ್ಡ ಟ್ಯಾಂಕನ್ನು, ಯಾರೂ ಹೊಡೆಯದಿದ್ದರೂ, ಮೆಲ್ಲಗೆ ಮಗ್ಗುಲಿಗೆ ಉರುಳಿಸಿದರು.

“ಬೀಗರ, ನನ್ನ ಟ್ಯಾಂಕ್ ಕೆಟ್ಟೈತ್ರಿ. ಒಳಗ ಹುಡುಗ್ರು ಅದಾರ.”

ಬೀಗರು ಕಣ್ಣೊರೆಸಿಕೊಂಡು ಎದ್ದರು. ಮೇಜಿನ ಮೇಲೆ ಬಗ್ಗಿ, ತಮ್ಮ ಗಾಡಿಯನ್ನು ಜೋಳದ ಹಿಟ್ಟಿನಲ್ಲಿ ವೈರಿಯ ಕಡೆಗೆ ನಿಧಾನವಾಗಿ ನೂಕತೊಡಗಿದರು.

“ಬಂದೆ ಬೀಗರ,” ಎಂದರು, “ಅಂಜಬ್ಯಾಡ್ರಿ.”