ವಿವಾಹ ನಿಮಿತ್ತ ತಾತ್ಕಾಲಿಕ ಬಾರ್

ಮದುವೆಯಲ್ಲಿ ಮದ್ಯ ಸರಬರಾಜು ಮಾಡಲು ಸರ್ಕಾರದ ಪೂರ್ವಾನುಮತಿ ಕಡ್ಡಾಯ. ಈ ನಿಯಮ ಬಹುಕಾಲದಿಂದ ಜಾರಿಯಲ್ಲಿದೆ. ಅದನ್ನು ನಂಬಿ ಅರ್ಜಿ ಹಾಕಿದ ಮೊದಲ ಮನುಷ್ಯ ನನ್ನ ಭಾವ.

ಹಾಗೆಂದು ನಮ್ಮೂರಿನ ಉಳಿದ ಮದುವೆಗಳಲ್ಲಿ ಬಾರ್ ಇರಲಿಲ್ಲವೆಂದಲ್ಲ. ಅದು ಯಾರದೋ ಕಾರಿನ ಡಿಕ್ಕಿಯಲ್ಲಿ, ಜನರೇಟರಿನ ಹಿಂದೆ, ಗಂಡಿನ ಕಡೆಯವರ ಕೋಣೆಯ ಬಚ್ಚಲಿನಲ್ಲಿ ಬಹಳ ಶಿಸ್ತಿನಿಂದ ನಡೆಯುತ್ತಿತ್ತು. ಹೋಗುವವರು ಫೋನ್ ಬಂತೆಂದು ಎದ್ದು ಹೋಗುತ್ತಿದ್ದರು, ಬರುವವರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಬರುತ್ತಿದ್ದರು. ಭಾವನಿಗೆ ಇಂಥದ್ದೆಲ್ಲ ಆಗಿಬರದು. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರು. ಹಾಲಿನವನ ಅಳತೆಯ ಪಾತ್ರೆಯನ್ನು ಇಂದಿಗೂ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಾರೆ. ತಾವು ಒಂದು ಹನಿ ಮುಟ್ಟಿದವರಲ್ಲ. ಆದರೆ ಮಾತುಕತೆಯ ದಿನ ಗಂಡಿನ ಸೋದರಮಾವ ಬೂಟಿನ ದಾರ ಕಟ್ಟುತ್ತ, “ನಮ್ಮ ಕಡೆಯವರು ಸ್ವಲ್ಪ ತಗೊಳ್ಳೋರು. ಬಾರ್ ಇಲ್ಲ ಅಂದ್ರೆ ನನ್ನ ಮರ್ಯಾದೆ ಹೋಗುತ್ತೆ” ಎಂದರು. ಭಾವ ಮಾತು ಕೊಟ್ಟರು.

ಮಗಳು ಕೇಳಿದ್ದು ಒಂದೇ. “ಬಾರ್ ಇರ್ಲಿ ಬಿಡ್ಲಿ, ನಂಗೇನೂ ಇಲ್ಲಪ್ಪ. ಉಂಗುರ ಹಾಕೋವಾಗ ನೀನು ನನ್ನ ಪಕ್ಕದಲ್ಲಿ ನಿಂತಿರ್ಬೇಕು.”

“ಇನ್ನೆಲ್ಲಿ ನಿಂತಿರ್ತೀನಮ್ಮ?” ಎಂದರು ಭಾವ.

ಪರವಾನಗಿ ಕಚೇರಿಗೆ ನಾನೂ ಜೊತೆಗೆ ಹೋದೆ. ಗುಮಾಸ್ತ ಅರ್ಜಿ ಓದಿ, ಕನ್ನಡಕ ತೆಗೆದು, ದನಿ ತಗ್ಗಿಸಿದ. “ಯಾರಾದ್ರೂ ನಿಮ್ಮ ಮೇಲೆ ದೂರು ಕೊಟ್ರಾ ಸಾರ್?”

“ಇಲ್ಲವಲ್ಲ.”

“ಮತ್ಯಾಕೆ ಬಂದ್ರಿ?”

ಅಧಿಕಾರಿಗಳು ಮಾತ್ರ ಎದ್ದು ನಿಂತು ಭಾವನ ಕೈ ಕುಲುಕಿದರು. ತಮ್ಮ ಸೇವಾವಧಿಯಲ್ಲಿ ಇಂಥ ಅರ್ಜಿಯನ್ನು ಕಣ್ಣಾರೆ ಕಂಡಿರಲಿಲ್ಲವೆಂದೂ, ಅನುಮತಿ ಬೇಕೆಂಬ ನಿಯಮವಿದೆಯೇ ಹೊರತು ಅದನ್ನು ಕೊಡುವುದು ಹೇಗೆಂಬ ನಿಯಮ ಇಲ್ಲವೆಂದೂ, ಅದನ್ನು ಈಗಲೇ ರಚಿಸುವುದಾಗಿಯೂ ತಿಳಿಸಿದರು. ಅಲ್ಲಿಯವರೆಗೆ ಪಾನೀಯಗಳ ಮಾದರಿಯನ್ನು ಕಚೇರಿಗೆ ಸಲ್ಲಿಸಬೇಕಾಗಿತ್ತು. ಸಲ್ಲಿಸಿದೆವು. ಪರೀಕ್ಷೆಯ ಫಲಿತಾಂಶ ಸ್ಪಷ್ಟವಾಗಿಲ್ಲವೆಂದು ಮತ್ತೆ ತರಿಸಿಕೊಂಡರು. ಎರಡನೆಯ ಸಲ ಪಕ್ಕದ ನೀರಿನ ಕಂದಾಯದ ಕಚೇರಿಯವರೂ ತಜ್ಞರಾಗಿ ಸೇರಿಕೊಂಡದ್ದರಿಂದ ಗುಣಮಟ್ಟದ ಬಗ್ಗೆ ಒಮ್ಮತ ಮೂಡಿತು. ಆ ದಿನ ಮಧ್ಯಾಹ್ನದ ನಂತರ ಎರಡೂ ಕಚೇರಿಗಳಲ್ಲಿ ಬೇರೆ ಕೆಲಸ ನಡೆಯಲಿಲ್ಲ.

ಕೊನೆಗೆ ಷರತ್ತುಗಳು ಬಂದವು. ಅಧಿಕಾರಿಗಳೇ ಓದಿ ವಿವರಿಸಿದರು. “ಪರವಾನಗಿ ವಿವಾಹ ನಿಮಿತ್ತ ಕೊಟ್ಟಿರೋದು. ಹಾಗಾಗಿ ವಿವಾಹ ನಡೀತಿರುವಾಗ ಮಾತ್ರ ಕೊಡ್ಬೇಕು. ಶುರುವಾಗೋಕೆ ಮುಂಚೆ ಕೊಟ್ರೆ ನಿಮಿತ್ತ ಇಲ್ಲ. ಉಂಗುರ ಹಾಕಿದ ಮೇಲೆ ಕೊಟ್ರೆ ನಿಮಿತ್ತ ಮುಗಿದುಹೋಯ್ತು.”

“ಸರಿಯಾಗಿದೆ” ಎಂದರು ಭಾವ. ನಿಯಮ ಬಿಗಿಯಾಗಿದ್ದಷ್ಟೂ ಅವರಿಗೆ ಸಮಾಧಾನ.

“ವಿವಾಹದ ಗಾಂಭೀರ್ಯ ಕಾಪಾಡೋಕೆ, ಬಾರ್ ಇರೋ ಜಾಗದಿಂದ ವಿವಾಹ ಕಾಣ್ಬಾರ್ದು, ವಿವಾಹದ ಜಾಗದಿಂದ ಬಾರ್ ಕಾಣ್ಬಾರ್ದು.”

“ಅದೂ ನ್ಯಾಯವೇ.”

“ಪರವಾನಗಿದಾರರು ಖುದ್ದಾಗಿ ಅಳೆದು ಕೊಡ್ಬೇಕು. ಬಾರ್ ಮುಚ್ಚೋವರೆಗೂ ಜಾಗ ಬಿಟ್ಟು ಕದಲಬಾರದು.”

ಭಾವ ಷರತ್ತಿನ ಹಾಳೆಯನ್ನು ತಮ್ಮ ಕಡೆ ತಿರುಗಿಸಿ ಇನ್ನೊಮ್ಮೆ ಓದಿಕೊಂಡರು. ನಾನು ಹೇಳಿದೆ: “ಸಾರ್, ಇವರು ಹುಡುಗಿಯ ತಂದೆ.”

“ಅದಕ್ಕೇ ಇವರಿಗೆ ಪರವಾನಗಿ. ಹೊರಗಿನವರಿಗೆ ಹೇಗ್ರೀ ಕೊಡೋಕಾಗುತ್ತೆ?”

ಅರ್ಜಿ ವಾಪಸ್ ಪಡೆಯಬಹುದೇ ಎಂದು ಕೇಳಿದೆ. ಮದುವೆ ಮುರಿದುಬಿದ್ದರೆ ಧಾರಾಳವಾಗಿ ಪಡೆಯಬಹುದು ಎಂದರು.

ಮನೆಯಲ್ಲಿ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. “ಊರೋರೆಲ್ಲ ಡಿಕ್ಕೀಲಿ ಇಟ್ಕೊಂಡು ಮದುವೆ ಮಾಡಿಲ್ವೇನ್ರೀ? ಇರೋಳು ಒಬ್ಬಳೇ ಮಗಳು!”

“ಒಬ್ಬಳೇ ಮಗಳು ಅಂತ ಕಳ್ಳತನದಲ್ಲಿ ಮದುವೆ ಮಾಡ್ಲಾ?” ಎಂದರು ಭಾವ. ಆಮೇಲೆ ಬಹಳ ಹೊತ್ತು ಮಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಲಿಲ್ಲ.

ಈ ತೊಡಕನ್ನು ಬಗೆಹರಿಸಿದ ಕೀರ್ತಿಯೂ ಅಧಿಕಾರಿಗಳಿಗೇ ಸಲ್ಲಬೇಕು. ಬಾರಿನ ಹೊರಗಡೆ ಪರವಾನಗಿದಾರರು ನಿರ್ವಹಿಸಬೇಕಾದ ಕರ್ತವ್ಯಗಳನ್ನು ಪರವಾನಗಿ ಕೊಟ್ಟ ಅಧಿಕಾರಿಯೇ ನಿರ್ವಹಿಸತಕ್ಕದ್ದು ಎಂದು ಇನ್ನೊಂದು ಷರತ್ತು ಸೇರಿಸಿದರು. “ನೀವು ಚಿಂತೆ ಮಾಡ್ಬೇಡಿ, ಮಗಳ ಪಕ್ಕದಲ್ಲಿ ನಾನು ನಿಂತ್ಕೋತೀನಿ. ನನ್ನ ಹತ್ರ ಕೋಟೂ ಇದೆ” ಎಂದರು.

ಮದುವೆಯ ದಿನ ಸಭಾಂಗಣದ ಹಿಂದೆ, ಪಾತ್ರೆ ತೊಳೆಯುವ ಕೋಣೆಯಲ್ಲಿ ಬಾರ್ ತೆರೆಯಿತು. ಒಂದು ಕಡೆ ಒದ್ದೆ ತಟ್ಟೆಗಳ ರಾಶಿ, ಇನ್ನೊಂದು ಕಡೆ ನಲ್ಲಿ, ನಡುವೆ ಭಾವ. ಬೆರಳಿಗೆ ಉಂಗುರ ಬಿದ್ದ ಕೂಡಲೇ ಬಾರ್ ಮುಚ್ಚುತ್ತದೆಂಬ ಸುದ್ದಿ ಹಬ್ಬಿದ್ದರಿಂದ ಅತಿಥಿಗಳೆಲ್ಲ ಅಲ್ಲೇ ಸಾಲುಗಟ್ಟಿದರು. ಸಭಾಂಗಣದಲ್ಲಿ ಉಳಿದವರು ಗಂಡು, ಹೆಣ್ಣು, ಅಕ್ಕ, ಮದುವೆಯ ನೋಂದಣಾಧಿಕಾರಿ, ಮತ್ತು ತಂದೆಯ ಜಾಗದಲ್ಲಿ ಕೋಟು ತೊಟ್ಟ ಪರವಾನಗಿ ಅಧಿಕಾರಿಗಳು. ಅವರ ಸಿಬ್ಬಂದಿ ತಪಾಸಣೆಗೆಂದು ಸಂಸಾರ ಸಮೇತ ಬಂದಿದ್ದರು. ತಪಾಸಣೆ ಸಾಲಿನ ತುದಿಯಲ್ಲಿ ನಿಂತು ಆಗುವಂಥದ್ದಲ್ಲವಾದ್ದರಿಂದ ಅವರು ಮುಂದೆ ನಿಂತಿದ್ದರು.

ಎಲ್ಲರಿಗೂ ತಲುಪುವ ತನಕ ಮದುವೆ ಮುಗಿಯಬಾರದೆಂದು ಗಂಡಿನ ಸೋದರಮಾವ ಹೇಳಿಕಳಿಸಿದರು. ನೋಂದಣಾಧಿಕಾರಿ ಪ್ರತಿಜ್ಞೆಯನ್ನು ಓದಿ, ನೀರು ಕುಡಿದು, ಮತ್ತೆ ಮೊದಲಿನಿಂದ ಓದಿದರು. ಗಂಡು ಉಂಗುರ ಹಿಡಿದ ಕೈಯನ್ನು ಚಾಚಿಕೊಂಡೇ ನಿಂತಿದ್ದ. ಕೈ ಸೋತಾಗ ಅಕ್ಕ ಕೆಳಗಿನಿಂದ ಆನಿಸಿ ಹಿಡಿದಳು.

ನಾನು ಎರಡೂ ಕಡೆ ಓಡಾಡಿಕೊಂಡಿದ್ದೆ.

“ಮುಗೀತಾ?” ಎಂದು ಕೇಳಿದರು ಭಾವ, ಅಳತೆಯ ಲೋಟದಿಂದ ಕಣ್ಣು ತೆಗೆಯದೆ.

“ಇಲ್ಲ ಭಾವ. ಉಂಗುರ ಇನ್ನೂ ಕೈಯಲ್ಲೇ ಇದೆ.”

“ಹೇಗೆ ಕಾಣ್ತಿದ್ದಾಳೆ?”

“ಚೆನ್ನಾಗಿ ಕಾಣ್ತಿದ್ದಾಳೆ. ಬಾಗಿಲ ಕಡೆಗೇ ನೋಡ್ತಿದ್ದಾಳೆ.”

ಭಾವನ ಕಣ್ಣು ಬಾಗಿಲ ಕಡೆ ಹೋಗಿ ಲೋಟದಲ್ಲಿ ಒಂದಿಷ್ಟು ಹೆಚ್ಚಾಯಿತು. ಹೆಚ್ಚಾದದ್ದನ್ನು ಬಾಟಲಿಗೆ ವಾಪಸ್ ಸುರಿದು, ಗಂಡಿನ ಸೋದರಮಾವನಿಗೆ ಸರಿಯಾದ ಅಳತೆ ಕೊಟ್ಟರು. ಆಮೇಲೆ ನಲ್ಲಿಯ ಕಡೆ ತಿರುಗಿ ಮುಖ ತೊಳೆದುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಸಾಲಿನಲ್ಲಿದ್ದವರು, “ಬೇಗ ಬೇಗ” ಎಂದರು.

ಕೊನೆಯ ಬಾಟಲಿ ಖಾಲಿಯಾದ ಮೇಲೆ ಮದುವೆ ಆಯಿತು. ಭಾವ ಬಾರ್ ಮುಚ್ಚಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮದುಮಕ್ಕಳ ಕಾರು ಹೊರಟಿತ್ತು.

ಏರ್ಪಾಡು ಅಚ್ಚುಕಟ್ಟಾಗಿತ್ತೆಂದು ಎಲ್ಲರೂ ಒಪ್ಪಿದರು. ಈಗ ಊರಿನಲ್ಲಿ ಪರವಾನಗಿ ಪಡೆಯದೆ ಬಾರ್ ಇಡುವುದು ಮರ್ಯಾದೆಯಲ್ಲ. ಅಧಿಕಾರಿಗಳು ಎಷ್ಟೋ ಹೆಣ್ಣುಮಕ್ಕಳಿಗೆ ತಂದೆಯಾಗಿ ನಿಂತಿದ್ದಾರೆ, ಹೊಸ ಕೋಟನ್ನೂ ಹೊಲಿಸಿಕೊಂಡಿದ್ದಾರೆ. ಅಕ್ಕನ ಮನೆಯ ಗೋಡೆಯ ಮೇಲೆ ಮದುವೆಯ ಫೋಟೋ ಇದೆ. ಉಂಗುರ ತೊಡಿಸುವ ಗಳಿಗೆ, ಮಗಳು, ಅಳಿಯ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಅಧಿಕಾರಿಗಳು. ಹೊಸದಾಗಿ ಬಂದವರು ನೋಡಿ, “ಹುಡುಗಿಗೆ ತಂದೆಯದೇ ಮೂಗು” ಎನ್ನುತ್ತಾರೆ.

ಭಾವ ಹತ್ತಿರ ಹೋಗಿ, ಫೋಟೋವನ್ನು ಕಣ್ಣಿನ ಮಟ್ಟದಲ್ಲಿ ನೋಡಿ, “ಹೌದು, ಅವರದೇ” ಎನ್ನುತ್ತಾರೆ.