ಅತ್ತೆ ನಡೆಸುವ ಸರ್ವರ್

ಮೂವತ್ತೊಂದು ಜನರ ಗುಟ್ಟನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡು, ಅದರಲ್ಲಿ ಒಂದನ್ನೂ ತಿಳಿದುಕೊಳ್ಳದೆ ಹಾಯಾಗಿ ಉಂಡು ಮಲಗುವ ಹೆಂಗಸು ಇಡೀ ಕೊಳ್ಳೇಗಾಲದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರತ್ತೆ. ನಂಬುವುದಿಲ್ಲ ಅಲ್ಲವೇ? ನಾನೂ ನಂಬಿರಲಿಲ್ಲ. ನಮ್ಮ ವಂಶದವರು ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸಿ, ಇವತ್ತು ಅಲ್ಲಿ ಬೇಳೆಯೋ ಕಾಳೋ ಎಂದು ತೀರ್ಮಾನಿಸುವ ಜನ. ಅಂಥ ವಂಶದಲ್ಲಿ ಈಕೆ ಹೇಗೆ ಹುಟ್ಟಿದರೋ!

ಅತ್ತೆ ನಮ್ಮ ತಂದೆಯ ಅಕ್ಕ. ಹುಟ್ಟಿದ್ದು ಮುಳ್ಳೂರಿನಲ್ಲಿ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದು, ನಿವೃತ್ತರಾದ ಮೇಲೆ ಕೊಳ್ಳೇಗಾಲದಲ್ಲಿ ಸ್ವಂತ ಮನೆ ಕಟ್ಟಿಕೊಂಡರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಇವತ್ತಿನವರೆಗೆ ಯಾರಿಗೂ ಬಂದಿಲ್ಲ. ಎಲ್ಲರೂ ಕಾರು ನಿಲ್ಲಿಸುವುದಕ್ಕೆ ಜಾಗ ಬಿಟ್ಟು ಮನೆ ಕಟ್ಟುವ ಕಾಲದಲ್ಲಿ ಮೇಸ್ತ್ರಿಯೊಂದಿಗೆ ಜಗಳವಾಡಿ ಮುಂದೆ ಜಗಲಿ ಹಾಕಿಸಿದರು. ಬಂದವರು ಕೂರಲಿ, ಆದರೆ ಕೂತವರೆಲ್ಲ ಒಳಗೆ ಬರಬೇಕಾಗಿಲ್ಲ ಎಂಬುದು ಅವರ ವಾದ.

ಇದೆಲ್ಲ ಶುರುವಾದದ್ದು ಅಗರದ ದೊಡ್ಡಮ್ಮನ ಸಕ್ಕರೆ ಕಾಯಿಲೆಯಿಂದ. ದೊಡ್ಡಮ್ಮ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ತೋಟ, ಊಟ, ಮಾತು ಮೂರರಲ್ಲೂ ಧಾರಾಳಿ. ಡಾಕ್ಟರಿಗೆ ಕಳಿಸಬೇಕಾಗಿದ್ದ ರಕ್ತಪರೀಕ್ಷೆಯ ಚೀಟಿಯ ಫೋಟೋವನ್ನು ಅವರು ಕೈತಪ್ಪಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಅರ್ಧ ಗಂಟೆಯೊಳಗೆ ಹನೂರಿನಿಂದ ಮೆಂತ್ಯ, ಯಳಂದೂರಿನಿಂದ ಹಾಗಲಕಾಯಿ, ಮುಳ್ಳೂರಿನಿಂದ ಅಮೃತಬಳ್ಳಿ ಸಲಹೆಗಳು ಬಂದವು. ಯಾರೋ ಒಬ್ಬರು ಅವಸರದಲ್ಲಿ "ಓಂ ಶಾಂತಿ" ಎಂದೂ ಹಾಕಿ, ಆಮೇಲೆ ಅಳಿಸಿದರು. ದೊಡ್ಡಮ್ಮ ನಾಚಿಕೆಯಿಂದ ಎರಡು ದಿನ ಫೋನ್ ಮುಟ್ಟಲಿಲ್ಲ.

"ಅವಳ ಸಕ್ಕರೆ ಅವಳ್ದು. ಊರೋರೆಲ್ಲ ಯಾಕ್ ನೆಕ್ಕಬೇಕು?" ಎಂದರು ಅತ್ತೆ. ಅಷ್ಟೇ. ಮುಂದಿನ ವಾರ ಬಾಗಿಲು ಮುಚ್ಚುತ್ತಿದ್ದ ಸೈಬರ್ ಸೆಂಟರಿನಿಂದ ಹಳೇ ಕಂಪ್ಯೂಟರೊಂದನ್ನು ಕೊಂಡು, ಆಟೋದಲ್ಲಿ ಮೊಮ್ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದರು.

ಅರವತ್ತು ದಾಟಿದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಟಿ.ವಿ. ನೋಡುತ್ತಾರೆ, ಸೊಸೆಯನ್ನು ಬೈಯುತ್ತಾರೆ. ಅತ್ತೆಗೆ ಸೊಸೆ ಇಲ್ಲ, ಟಿ.ವಿ. ಹಿಡಿಸುವುದಿಲ್ಲ. ಅವರು ಇಂಟರ್‌ನೆಟ್ಟಿನಲ್ಲಿ ಪಾಠದ ವಿಡಿಯೋಗಳನ್ನು ಹಾಕಿಕೊಂಡು, ಹುಡುಗರು ಇಂಗ್ಲಿಷಿನಲ್ಲಿ ಗಡಗಡ ಹೇಳಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡರು. ಮೂರು ತಿಂಗಳು! ಯಳಂದೂರಿನಲ್ಲಿ ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟುಕೊಂಡಿರುವ ನಾನು ಆಗಾಗ ಹೋಗಿ ನೋಡುತ್ತಿದ್ದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡುತ್ತಿದ್ದವು. ಅತ್ತೆ ಕೀಬೋರ್ಡ್ ಕಡೆ ಕಣ್ಣೂ ಹಾಯಿಸದೆ ಟಕಟಕ ಹೊಡೆಯುತ್ತಿದ್ದರು. ನನಗೆ ಅರ್ಥವಾಗುತ್ತಿದ್ದದ್ದು ಅವರು ಕೊಡುತ್ತಿದ್ದ ಕಾಫಿ ಒಂದೇ.

ಅದು ಸರ್ವರ್ ಎಂದು ಅವರು ಹೇಳಿದಾಗ ನಾನು ನಕ್ಕುಬಿಟ್ಟೆ. ಸರ್ವರ್ ಬಗ್ಗೆ ನಮ್ಮ ಕಡೆಯವರಿಗೆ ತಿಳಿದಿರುವುದು ಒಂದೇ ಸಂಗತಿ: ಅದು ಇರುವುದಿಲ್ಲ. ಯಾವ ಕಚೇರಿಗೆ ಹೋದರೂ "ಸರ್ವರ್ ಡೌನ್, ನಾಳೆ ಬನ್ನಿ" ಎನ್ನುತ್ತಾರೆ. ಅತ್ತೆಯದು ಹಾಗಲ್ಲ. ಕರೆಂಟ್ ಹೋದಾಗ ಫ್ಯಾನು, ದೀಪ ಎಲ್ಲ ಆರಿ, ಅತ್ತೆ ಬೀಸಣಿಗೆ ಹಿಡಿದು ಬೆವರುತ್ತ ಕೂರುತ್ತಾರೆ. ಇನ್ವರ್ಟರ್ ಇರುವುದು ಸರ್ವರಿಗೆ ಮಾತ್ರ. ಬೀಸಣಿಗೆಯ ಗಾಳಿಯಲ್ಲೂ ಅರ್ಧ ಅದಕ್ಕೇ.

ಈಗ ಆ ಯಂತ್ರದೊಳಗಿನ ಏರ್ಪಾಡು ಹೇಳುತ್ತೇನೆ, ಕೇಳಿ. ಕುಟುಂಬದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜಾಗ. ಪ್ರತಿ ಜಾಗಕ್ಕೂ ಎರಡು ಭಾಗ. ಮುಂದಿನದಕ್ಕೆ ಅತ್ತೆ ಜಗಲಿ ಎಂದು ಹೆಸರಿಟ್ಟರು; ಅಲ್ಲಿ ನೀವು ಹಾಕಿದ ಮದುವೆ ಫೋಟೋ, ಲಗ್ನಪತ್ರಿಕೆ ಎಲ್ಲರಿಗೂ ಕಾಣುತ್ತದೆ. ಹಿಂದಿನದು ಒಳಮನೆ. ಅದಕ್ಕೆ ಪಾಸ್‌ವರ್ಡ್. ನಿಮ್ಮ ರಕ್ತ, ಸಕ್ಕರೆ, ಪಹಣಿ, ಪ್ರೇಮಪತ್ರ ಏನಾದರೂ ಇಟ್ಟುಕೊಳ್ಳಿ, ಯಾರೂ ಇಣುಕುವ ಹಾಗಿಲ್ಲ. ವಿಳಾಸದ ಕೊನೆಗೆ ನಿಮ್ಮ ಹೆಸರು, ಹೆಸರಿಗೆ ಮೊದಲು ಡೊಂಕಾಗಿ ಮಲಗಿರುವ ಒಂದು ಗೆರೆ, ಹೀಗೆ: ~. ಆ ಗೆರೆಯ ಇಂಗ್ಲಿಷ್ ಹೆಸರು ನಮ್ಮವರ ನಾಲಿಗೆಗೆ ಹೊರಳಲಿಲ್ಲ. ರೇಷ್ಮೆ ಸಾಕಿ ಬೆಳೆದವರಲ್ಲವೇ, "ಹುಳ" ಎಂದು ಕರೆದರು. ಈಗಲೂ ಅಗರದಲ್ಲಿ "ಹುಳ ಹಾಕಿ ನನ್ ಹೆಸ್ರು ಹೊಡಿ, ಮೊಮ್ಮಗೀನ ಫೋಟೋ ಬತ್ತದೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಫೋನಿನಲ್ಲಿ ಪಾಸ್‌ವರ್ಡ್ ಹೇಳಿದರೆ ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ, ಕರೆ ಕತ್ತರಿಸುತ್ತಿದ್ದರು. ಅದನ್ನು ಅವರವರೇ ತಮ್ಮ ಕೈಯಾರೆ ಹೊಡೆಯಬೇಕು. ಅದಕ್ಕಾಗಿ ಲ್ಯಾಪ್‌ಟಾಪನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಹನೂರು, ಯಳಂದೂರು, ಅಗರ, ಮುಳ್ಳೂರು, ಎಲ್ಲ ಕಡೆ ಒಂದೇ ಕ್ರಮ. ಯಂತ್ರವನ್ನು ಎದುರಿಗಿಟ್ಟು, ದೊಡ್ಡ ಅಕ್ಷರ ಒಂದು, ಅಂಕಿ, ಚಿಹ್ನೆ ಇರಬೇಕು ಎಂದು ಹೇಳಿ, ತಾವು ಗೋಡೆಯ ಕಡೆ ತಿರುಗಿ ಕೂತುಬಿಡುತ್ತಿದ್ದರು. ದೊಡ್ಡಮ್ಮ ಒಂದೊಂದೇ ಅಕ್ಷರ ಹುಡುಕಿ ಒತ್ತುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅತ್ತೆ ಗೋಡೆ ನೋಡುತ್ತ ಕದಲದೆ ಕೂತಿದ್ದರು. ಪಾಲಾರಿನ ಗಡಿಯಲ್ಲಿ ಕೆಲಸದಲ್ಲಿರುವ ನಮ್ಮ ದೂರದ ಭಾವನಿಗೆ ಅಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ. ಅತ್ತೆ ಅವನನ್ನೂ ಬಿಡಲಿಲ್ಲ. ಹೊಳೆಯ ಬಂಡೆಯ ಮೇಲೆ ಒಂದೇ ಒಂದು ಗೆರೆ ಸಿಗ್ನಲ್ ಸಿಕ್ಕ ಕಡೆ ಅವನನ್ನು ಕೂರಿಸಿ, ಗೋಡೆ ಇಲ್ಲದ್ದರಿಂದ ತಾವು ತಮಿಳುನಾಡಿನ ಕಡೆ ಮುಖ ಮಾಡಿ ನಿಂತರಂತೆ!

ಹೀಗೆ ಮೂವತ್ತೊಂದು ಒಳಮನೆಗಳು, ಮೂವತ್ತೊಂದು ಬೀಗಗಳು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ಲವೇ?

ಒಂದು ಬೆಳಿಗ್ಗೆ ದೊಡ್ಡಮ್ಮ ನನ್ನ ಅಂಗಡಿಗೆ ಫೋನ್ ಮಾಡಿದರು. ನನ್ನ ಒಳಮನೆಯಲ್ಲಿ ಬರೀ ರೋಗ ಬಂದ ಎಲೆಗಳ ಫೋಟೋ ಇವೆಯಂತೆ, ಹೆಂಡತಿ ಮಕ್ಕಳದು ಒಂದೂ ಇಲ್ಲವಂತೆ, ಇದೇನು ಸಂಸಾರವೋ ಎಂದು ಬೈದರು. ನನ್ನ ಒಳಮನೆಗೆ ಇವರು ಹೇಗೆ ಬಂದರು? ಪಾಪ, ಅವರಿಗೂ ಗೊತ್ತಿರಲಿಲ್ಲ. ತಮ್ಮ ಹೆಸರಿನ ಬದಲು ನನ್ನ ಹೆಸರನ್ನು ಒತ್ತಿ, ತಮ್ಮ ಪಾಸ್‌ವರ್ಡನ್ನೇ ಹೊಡೆದಿದ್ದರು. ತೆರೆದುಕೊಂಡಿತ್ತು.

ನಾನು ಅತ್ತೆಗೆ ತಿಳಿಸಿದೆ. ಅವರು, "ನಿನ್ನ ಪಾಸ್‌ವರ್ಡ್ ನನಗೆ ಹೇಳ್ಬೇಡ. ಅದ್ರಲ್ಲಿ ಎಪ್ಪತ್ತೇಳು ಅದೆಯೋ ಇಲ್ವೋ, ಅಷ್ಟೇ ಹೇಳು" ಎಂದರು.

ಇತ್ತು! ಇಲ್ಲದೆ ಏನು? ಎಪ್ಪತ್ತೇಳು ಮಲೆಯ ಒಡೆಯ ನಮ್ಮ ಮನೆದೇವರು. ದೊಡ್ಡ ಅಕ್ಷರದಿಂದ ಮಾದಪ್ಪನ ಹೆಸರು ಶುರುಮಾಡಿ, ನಡುವೆ ಒಂದು ಚಿಹ್ನೆ ಸಿಕ್ಕಿಸಿ, ಕೊನೆಗೆ ಎಪ್ಪತ್ತೇಳು ಹಾಕಿದ್ದೆ. ಇಂಥ ಜಾಣತನ ಪ್ರಪಂಚದಲ್ಲಿ ನನಗೊಬ್ಬನಿಗೇ ಹೊಳೆದದ್ದು ಎಂದು ಹೆಮ್ಮೆಪಟ್ಟಿದ್ದೆ. ಅತ್ತೆ ಮೂವತ್ತೊಂದು ಜನರನ್ನೂ ಹಿಡಿದು ಅದೊಂದೇ ಪ್ರಶ್ನೆ ಕೇಳಿದರು. ಇಪ್ಪತ್ತಾರು ಜನ ಇದೆ ಎಂದರು. ಬದಲಾಯಿಸಿ ಎಂದರೆ ಒಬ್ಬರೂ ಒಪ್ಪಲೊಲ್ಲರು. "ಮಾದಪ್ಪನ್ನ ತೆಗೆದು ಇನ್ಯಾರನ್ನ ಇಕ್ಕಲವ್ವ ಬಾಗ್ಲಲ್ಲಿ? ಕಾಯೋನು ಅವನಲ್ವಾ?" ಎಂದರು ದೊಡ್ಡಮ್ಮ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ಮೂರು ತಿಂಗಳ ವಿದ್ಯೆಯೆಲ್ಲ ಒಂದು ಭಕ್ತಿಯ ಮುಂದೆ ಮಣ್ಣುಪಾಲು.

ಆದರೂ ಅವರು ಬಿಡಲಿಲ್ಲ. ದಿನಾ ನಾಲ್ಕು ನಾಲ್ಕು ಜನರನ್ನು ಕಾಡಿ ಬೇಡಿ ಬದಲಾಯಿಸಿದರು. ಕೊನೆಗೆ ಉಳಿದವರಲ್ಲಿ ಸಿಂಚನ ಒಬ್ಬಳು. ಹನೂರಿನಲ್ಲಿರುವ ನಮ್ಮ ಚಿಕ್ಕಪ್ಪನಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಬಿ.ಎಸ್ಸಿ. ಓದುತ್ತಿದ್ದವಳು. ಅತ್ತೆಯ ಒಳಮನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿದ್ದದ್ದು ಅವಳದೇ. ದಿನಾ ಏನಾದರೊಂದು ಇಡುತ್ತಿದ್ದಳು. ಆಗ ಅವಳು ಕಾಲೇಜಿನವರ ಗಿಡ ನೆಡುವ ಶಿಬಿರಕ್ಕೆಂದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದಳು, ಫೋನ್ ಸಿಗುತ್ತಿರಲಿಲ್ಲ. ನೀವೇ ಅವಳ ಪಾಸ್‌ವರ್ಡ್ ಬದಲಾಯಿಸಿಬಿಡಿ, ಯಂತ್ರದ ಒಡತಿ ನೀವೇ ತಾನೇ ಎಂದೆ. ಹಾಗೆ ಮಾಡಿದರೆ ಅವಳ ಬೀಗದ ಕೈ ತಮ್ಮ ಹತ್ತಿರ ಇದ್ದಂತಾಯಿತು, ಅದೂ ಕಳ್ಳತನವೇ ಎಂದರು ಅತ್ತೆ. ಇನ್ನು ಒಂದು ದಿನ ತಾನೇ, ಬರುತ್ತಾಳೆ ಎಂದರು.

ಆ ಒಂದು ದಿನದಲ್ಲೇ ಚಿಕ್ಕಪ್ಪ ಬಂದರು. ನಾನು ಅತ್ತೆಯ ಕೈತೋಟಕ್ಕೆ ಬೇವಿನೆಣ್ಣೆ ಕೊಡಲು ಹೋಗಿದ್ದೆ. ಚಿಕ್ಕಪ್ಪ ಕಾಫಿಯನ್ನೂ ಮುಟ್ಟದೆ ವಿಷಯಕ್ಕೆ ಬಂದರು. ಬುಧವಾರ ಸಿಂಚನಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಹುಡುಗಿ ಮಾತೆತ್ತಿದರೆ ಮುಖ ತಿರುಗಿಸುತ್ತಾಳೆ. ಆ ಒಳಮನೆಯಲ್ಲಿ ಯಾರ ಫೋಟೋ ಇದೆಯೋ, ಏನು ಬರೆದಿದ್ದಾಳೋ, ತಮಗೆ ಇವತ್ತೇ ತಿಳಿಯಬೇಕು ಎಂದರು.

"ತೆಗೆಯೋದು ಹೆಂಗೆ ಅಂತ ನಂಗೇ ಗೊತ್ತದೆ. ಅಗರದ ಅತ್ಗೆ ಎಲ್ಲಾ ಯೋಳವ್ರೆ" ಎಂದು ಫೋನ್ ಹೊರತೆಗೆದರು. "ಆದ್ರೆ ಕದ್ದು ನೋಡ್ದ ಅನ್ನಿಸ್ಕಬಾರ್ದು. ಅದ್ಕೇ ನಿನ್ ಎದ್ರುಗೇ ತೆಗೀವ ಅಂತ ಬಂದೆ."

ನೋಡಿ, ನಮ್ಮ ವಂಶದ ಪ್ರಾಮಾಣಿಕತೆ ಇಂಥದ್ದು! ನಾನು ಅತ್ತೆಯ ಕಿವಿಯಲ್ಲಿ, ಸರ್ವರಿನ ವೈರು ಕಿತ್ತುಬಿಡಲೇ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಯಂತ್ರ ನನ್ದು. ಒಳಗೆ ಅವಳು ಇಟ್ಟಿರೋದು ಅವಳ್ದು. ಬೇಡ ಅಂತ ಹೇಳ್ತಾ ಇವ್ನಿ" ಎಂದರು ತಮ್ಮನಿಗೆ.

"ನಾನು ಅವಳಪ್ಪ ಕಣಕ್ಕ" ಎಂದು ಚಿಕ್ಕಪ್ಪ ಹುಳ ಹಾಕಿ ಮಗಳ ಹೆಸರು ಹೊಡೆದರು. ಪಾಸ್‌ವರ್ಡ್ ಕೇಳಿತು. ಅವರ ಹೆಬ್ಬೆಟ್ಟು ಮಾದಪ್ಪನ ಮೊದಲ ಅಕ್ಷರ ಹುಡುಕತೊಡಗಿತು. ಬೆಟ್ಟದ ಮೇಲೆ ಆ ಹುಡುಗಿ ಏನೂ ತಿಳಿಯದೆ ಗಿಡ ನೆಡುತ್ತಿದ್ದಳು.

ಅತ್ತೆ ದನಿ ಏರಿಸದೆ ಹೇಳಿದರು: "ಮುಳ್ಳೂರ ಮನೇಲಿ ನನ್ದೊಂದು ತಗಡಿನ ಪೆಟ್ಗೆ ಇತ್ತಲ್ಲ, ಗ್ಯಾಪ್ಕ ಅದಾ? ನಾನು ಪಿಯುಸಿ, ನೀನು ಏಳ್ನೇ ಕ್ಲಾಸು. ನೀನು ಅದರ ಚಿಲ್ಕ ಕಿತ್ತು, ನಾನು ಬರ್ದಿಟ್ಟಿದ್ದ ಬುಕ್ಕು ತಕಂಡು, ಜಗ್ಲಿ ಮ್ಯಾಲೆ ನಿಂತ್ಕಂಡು ಓದ್ದೆ. ಬೀದಿಯೋರೆಲ್ಲ ನಕ್ರು. ನಾನು ಅದ್ನ ಬಚ್ಚಲೊಲೆಗೆ ಆಕ್ಬುಟ್ಟೆ. ಅವತ್ತಿಂದ ಇವತ್ತಿನಗಂಟ ಬೇರೆಯೋರು ಹೇಳಿದ್ದ ಟೈಪು ಮಾಡಿವ್ನಿ. ನನ್ದು ಅಂತ ಒಂದ್ ಸಾಲು ಬರ್ದಿಲ್ಲ."

ಚಿಕ್ಕಪ್ಪನ ಹೆಬ್ಬೆಟ್ಟು ನಿಂತಿತು. "ನಾನಾಗ ಹುಡ್ಗ ಕಣಕ್ಕ" ಎಂದರು.

"ಊಂ. ಅದ್ಕೇ ನಿನ್ನ ಒಂದ್ ಮಾತೂ ಅನ್ನಲಿಲ್ಲ. ಈಗ ನೀನು ಹುಡ್ಗ ಅಲ್ಲ."

ಫೋನಿನ ಬೆಳಕು ತಾನಾಗಿ ಆರಿತು. ಚಿಕ್ಕಪ್ಪ ಅದನ್ನು ಮತ್ತೆ ಹೊತ್ತಿಸಲಿಲ್ಲ, ಜೇಬಿಗೆ ಹಾಕಿಕೊಂಡರು. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಮಗಳು ಬಂದ ಮೇಲೆ ಅವಳನ್ನೇ ಕೇಳುವುದಾಗಿ ನೆಲಕ್ಕೆ ಹೇಳಿ, ಹನೂರಿನ ಬಸ್ಸಿಗೆಂದು ಹೊರಟುಹೋದರು.

ನಾನು ಅತ್ತೆಯ ಕಡೆ ತಿರುಗಿದೆ. ಇಷ್ಟು ವರ್ಷ ಒಬ್ಬರಿಗೂ ಹೇಳದೆ ಹೇಗಿದ್ದರು ಇವರು? ಏನಾದರೂ ಮಾತಾಡಬೇಕೆಂದು, ನಿಮ್ಮ ಒಳಮನೆಯಲ್ಲಿ ಏನೇನು ಇಟ್ಟಿದ್ದೀರಿ ಅತ್ತೆ ಎಂದು ಕೇಳಿಬಿಟ್ಟೆ. ಕೇಳಬಾರದಾಗಿತ್ತು. ಆದರೆ ಅವರು ಬೈಯಲಿಲ್ಲ. ಎಲ್ಲರಿಗಿಂತ ಮೊದಲು ಮಾಡಿಕೊಂಡದ್ದು ಅದೇ, ಇನ್ನೂ ಖಾಲಿ ಇದೆ ಎಂದರು. ಕಂಪ್ಯೂಟರಿನ ಮುಂದೆ ಕೂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ನೀನು ಒಂದ್ ಗಳಿಗೆ ಆಚೆಗೆ ಓಗು ಮಗ. ಬಾಗ್ಲು ಎಳ್ಕೊ."

ನಾನು ಬಾಗಿಲೆಳೆದುಕೊಂಡು ಜಗಲಿಯ ಮೇಲೆ ಕೂತೆ. ಒಳಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಅಕ್ಷರ, ತಡೆದು ಇನ್ನೊಂದು. ನಿಮಿಷಕ್ಕೆ ನೂರು ಪದ ಹೊಡೆಯುತ್ತಿದ್ದ ಆ ಬೆರಳುಗಳು ದೊಡ್ಡಮ್ಮನಿಗಿಂತ ನಿಧಾನವಾಗಿ ಅಕ್ಷರ ಹುಡುಕುತ್ತಿದ್ದವು. ನನ್ನ ಕಣ್ಣು ತುಂಬಿತು, ನಾಚಿಕೆ ಏನು ಬಂತು.

ಕಾಲು ಗಂಟೆಯಲ್ಲಿ ಚಿಕ್ಕಪ್ಪ ವಾಪಸು ಬಂದರು. ಬಸ್ಸು ತಪ್ಪಿತೇ ಎಂದರೆ ಇಲ್ಲವೆಂದರು. ಮುಚ್ಚಿದ ಬಾಗಿಲನ್ನು ನೋಡಿದರು, ಒಳಗಿನ ಸದ್ದು ಕೇಳಿಸಿಕೊಂಡರು. ಕದ ತಟ್ಟಲಿಲ್ಲ. ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲಿ ಕೂತರು. ಅಷ್ಟರಲ್ಲಿ ಎದುರು ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಬಂದು, ಬಾಗಿಲಿಗೆ ಕೈ ಹಾಕಿದರು.

ಚಿಕ್ಕಪ್ಪ ಎದ್ದು ಅಡ್ಡ ನಿಂತರು.

"ಈಗ ಒಳಕ್ಕೆ ಓಗ್ಬ್ಯಾಡಿ ಕಣ್ರವ್ವ" ಎಂದರು. "ನಮ್ಮಕ್ಕ ಬರೀತಾವ್ಳೆ."