ವಿಮಾನದ ಕಾರ್ಡೂ ನನ್ನ ದಾಕ್ಷಿಣ್ಯವೂ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ದಾಕ್ಷಿಣ್ಯ. ಇದಕ್ಕೆ ಮಾತ್ರೆಯಿಲ್ಲ, ಪಥ್ಯವಿಲ್ಲ, ಉಪ್ಪು ಬಿಟ್ಟರೂ ಕಡಿಮೆಯಾಗುವುದಿಲ್ಲ. ಅಂಗಡಿಯವನು ಛತ್ರಿಯೊಂದನ್ನು ಬಿಚ್ಚಿ ತೋರಿಸಿದನೆಂದರೆ ಮುಗಿಯಿತು, ನಾನು ಅದನ್ನು ಕೊಂಡಂತೆಯೇ. ಪಾಪ, ಬಿಚ್ಚಿದ್ದಾನಲ್ಲ, ಮತ್ತೆ ಮಡಚುವ ಕಷ್ಟ ಯಾಕೆ ಕೊಡುವುದು ಎನ್ನಿಸುತ್ತದೆ. ಹೀಗಾಗಿ ಎರಡೇ ತಲೆಗಳಿರುವ ನಮ್ಮ ಮನೆಯಲ್ಲಿ ಏಳು ಛತ್ರಿಗಳಿವೆ. ಕ್ಷೌರದಂಗಡಿಯಲ್ಲಿ ತಲೆಯ ಹಿಂದೆ ಕನ್ನಡಿ ಹಿಡಿದು ಸಾಕಾ ಎಂದು ಕೇಳಿದರೆ, ಇಲಿ ಕಡಿದ ಹಾಗೆ ಕಂಡರೂ ಬಹಳ ಚೆನ್ನಾಗಿದೆ ಎಂದು ಎದ್ದು ಬಂದಿದ್ದೇನೆ. ಹೊನ್ನಾವರದ ಕಾಲೇಜೊಂದರ ಕಚೇರಿಯಲ್ಲಿ ನಾನು ಗುಮಾಸ್ತ. ಕೊನೆಯ ದಿನಾಂಕ ದಾಟಿದ ಮೇಲೆ ಅರ್ಜಿ ಹಿಡಿದು ಬಂದವರಿಗೆ ಆಗುವುದಿಲ್ಲ ಎಂದು ಹೇಳಬೇಕಾದಾಗಲೆಲ್ಲ ನನಗೆ ವಿಪರೀತ ಬಾಯಾರಿಕೆಯಾಗುತ್ತದೆ. ನೀರು ಕುಡಿದು ಬರುತ್ತೇನೆಂದು ಎದ್ದು ಹೋಗಿಬಿಡುತ್ತೇನೆ. ಆಮೇಲೆ ಆ ಕೆಲಸವನ್ನು ಬೇರೆ ಯಾರಾದರೂ ಮಾಡಿ ಮುಗಿಸಿರುತ್ತಾರೆ.

ಇಂಥ ನನಗೆ ದೇವರು ಶಾಲಿನಿಯನ್ನು ಹೆಂಡತಿಯಾಗಿ ಕೊಟ್ಟಿದ್ದಾನೆ. ಅವಳು ಮೀನು ಪೇಟೆಯಲ್ಲಿ ನಡೆಯುವುದನ್ನು ನೀವು ಒಮ್ಮೆ ನೋಡಬೇಕು. ಮೊದಲ ಬುಟ್ಟಿಯಲ್ಲಿ ಅವಳು ಎಂದೂ ಕೊಂಡವಳಲ್ಲ. ಬಂಗಡೆಯ ಕಿವಿರು ಎತ್ತಿ ನೋಡುತ್ತಾಳೆ, ಹೊಟ್ಟೆ ಒತ್ತಿ ನೋಡುತ್ತಾಳೆ, ಮಾರುವವಳ ಮುಖವನ್ನೂ ಒಂದು ಸಲ ನೋಡುತ್ತಾಳೆ, ಮತ್ತೆ ಏನೂ ಹೇಳದೆ ಮುಂದಿನ ಬುಟ್ಟಿಗೆ ಹೋಗುತ್ತಾಳೆ. ಎಲ್ಲ ಬುಟ್ಟಿ ನೋಡಿ ಮುಗಿದ ಮೇಲೆ ಯಾವುದೋ ನಾಲ್ಕನೆಯದರ ಎದುರು ಬಂದು ಕೂರುತ್ತಾಳೆ, ಅದೇ ಆ ದಿನದ ಒಳ್ಳೆಯ ಮೀನಾಗಿರುತ್ತದೆ. ಹಿಂದಿನಿಂದ ಚೀಲ ಹಿಡಿದು ನಡೆಯುವ ನಾನು ಉಳಿದ ಬುಟ್ಟಿಗಳವರಿಗೆಲ್ಲ ತಪ್ಪು ಒಪ್ಪಿಕೊಂಡವನ ನಗೆ ನಗುತ್ತ ದಾಟಿಕೊಳ್ಳುತ್ತೇನೆ.

ನಮ್ಮ ಹಿತ್ತಿಲಿನಲ್ಲಿ ನಿಂತರೆ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಕಡಲಿನ ಮೇಲೆ ಒಂದು ವಿಮಾನ ಹೋಗುವುದು ಕಾಣುತ್ತದೆ. ಮಂಗಳೂರಿನಿಂದ ಮುಂಬೈಗೆ ಹೋಗುವುದಂತೆ. ನಮ್ಮೂರಿಗೂ ವಿಮಾನಕ್ಕೂ ಇರುವ ಸಂಬಂಧ ಅಷ್ಟೇ. ಹತ್ತಬೇಕೆಂದರೆ ಗೋವೆಗೆ ಹೋಗಬೇಕು, ಇಲ್ಲವೇ ಮಂಗಳೂರಿಗೆ, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಗೆ. ಶಾಲಿನಿ ಬಟ್ಟೆ ಒಣಹಾಕುವ ಹೊತ್ತಿಗೆ ಅದು ಬಂದರೆ ಒದ್ದೆ ಸೀರೆ ಕೈಯಲ್ಲೇ ಹಿಡಿದು ಕತ್ತೆತ್ತಿ ನಿಂತುಬಿಡುತ್ತಾಳೆ. ಅದು ಕುಮಟಾದ ಕಡೆ ಮರೆಯಾಗುವವರೆಗೂ ಸೀರೆಯ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಪಕ್ಕದಲ್ಲಿ ನಿಂತು, ಒಂದು ದಿನ ಅದೇ ವಿಮಾನದಲ್ಲಿ ಕೂರಿಸಿ ನಮ್ಮ ಮನೆಯನ್ನು ಮೇಲಿನಿಂದ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೊಸ ಗಂಡಂದಿರು ಇಂಥವನ್ನು ಧಾರಾಳವಾಗಿ ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಕಳೆಯಿತು. ಅವಳು ಒಂದು ದಿನವೂ ಆ ಮಾತು ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬ್ಯಾಂಕೊಂದರಿಂದ ಫೋನು ಬಂತು. ಒಂದು ಹುಡುಗಿ ಬಹಳ ಮರ್ಯಾದೆಯಿಂದ, ವಿಮಾನದ ಟಿಕೆಟು ಕೊಡುವ ಕ್ರೆಡಿಟ್ ಕಾರ್ಡೊಂದು ನನಗೆಂದೇ ಕಾದು ಕೂತಿದೆ ಎಂದಳು. ಬೇರೆ ಯಾರಾದರೂ ಆಗಿದ್ದರೆ ಫೋನು ಕುಕ್ಕಿ ಇಡುತ್ತಿದ್ದರು. ನಾನು ಅರ್ಧ ತಾಸು ಕೇಳಿ, ಕೊನೆಗೆ ಅವಳ ಒಣಗಿದ ದನಿ ಕೇಳಲಾರದೆ ಆಗಲಿ ಎಂದೆ. ಅದು ಹೇಗೆ ಸುದ್ದಿಯಾಯಿತೋ ಗೊತ್ತಿಲ್ಲ, ಅದೇ ವಾರ ಇನ್ನೂ ಎರಡು ಬ್ಯಾಂಕಿನವರು ಫೋನು ಮಾಡಿದರು. ಅವರಿಗೂ ಆಗಲಿ ಎಂದೆ. ಒಬ್ಬಳಿಗೆ ಹೂಂ ಎಂದು ಇನ್ನೊಬ್ಬಳಿಗೆ ಬೇಡ ಎಂದರೆ ಭೇದ ಮಾಡಿದಂತಾಗುವುದಿಲ್ಲವೇ?

ಶಾಲಿನಿ ಸಿಟ್ಟು ಮಾಡಲಿಲ್ಲ. ಮೂರು ಕಾರ್ಡುಗಳ ವಿವರಗಳನ್ನೂ ಎದುರಿಗೆ ಹರಡಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಬೆನ್ನಿನ ಮೇಲೆ ಗೆರೆ ಎಳೆದಳು. ನಾನು ನನ್ನ ಕಚೇರಿಯಲ್ಲಿ ಎಷ್ಟೋ ತಃಖ್ತೆ ನೋಡಿದ್ದೇನೆ, ಅಂಥದ್ದೊಂದನ್ನು ನೋಡಿಲ್ಲ. ಟಿಕೆಟಿಗೆ ಬದಲಾಯಿಸಿಕೊಳ್ಳುವ ಪಾಯಿಂಟು ಮೊದಲಿಗೆ ಬೋನಸ್ಸಾಗಿ ಎಷ್ಟು ಕೊಡುತ್ತಾರೆ, ಅದು ಸಿಗಬೇಕಾದರೆ ಎಷ್ಟು ದಿನದೊಳಗೆ ಎಷ್ಟು ಖರ್ಚು ಮಾಡಬೇಕು, ವರ್ಷದ ಫೀ ಎಷ್ಟು, ಪಾಯಿಂಟು ಹಳಸುವುದು ಯಾವಾಗ, ಎಲ್ಲಕ್ಕೂ ಒಂದೊಂದು ಕಾಲಂ. ಬ್ಯಾಂಕಿನವರ ಜಾಹೀರಾತಿನಲ್ಲಿ ಇರುವೆ ಸಾಲಿನಂತೆ ಅಡಿಯಲ್ಲಿ ಬರೆದದ್ದನ್ನು ಅವಳು ನನ್ನ ಕನ್ನಡಕವನ್ನೂ ತನ್ನ ಕನ್ನಡಕದ ಮೇಲೆ ಇಟ್ಟು ಓದಿದಳು. ಗ್ರಾಹಕ ಸೇವೆಯ ಹುಡುಗನಿಗೆ ಫೋನು ಹಚ್ಚಿ, ಪೆಟ್ರೋಲಿಗೆ ಕೊಟ್ಟದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಿದಳು. ಅವನು ಬರುತ್ತದೆ ಎಂದ. ಹನ್ನೊಂದನೆಯ ಷರತ್ತು ಓದಿ ನೋಡು ಎಂದಳು. ಅವನು ಓದಿ ನೋಡಿ ಬರುವುದಿಲ್ಲ ಎಂದ. ಆಮೇಲೆ ಅವನೇ ಅವಳ ಹತ್ತಿರ ಎರಡು ಸಂಶಯ ಕೇಳಿ ತಿಳಿದುಕೊಂಡ.

ಅಷ್ಟಕ್ಕೂ ತೃಪ್ತಿಯಾಗದೆ ಭಟ್ಕಳಕ್ಕೆ ಹೋಗಿ ಜುಬೇರ್ ಭಾಯಿಯನ್ನು ಕೇಳಿ ಬಂದಳು. ಜುಬೇರ್ ಭಾಯಿಯದು ಬಟ್ಟೆಯಂಗಡಿ, ಮದುವೆ ಸೀರೆಗಳನ್ನು ನಮ್ಮವರೆಲ್ಲ ಅಲ್ಲಿಂದಲೇ ತರುವುದು. ಅವರ ಅಣ್ಣತಮ್ಮಂದಿರೆಲ್ಲ ದುಬೈಯಲ್ಲಿದ್ದಾರೆ. ಆ ಮನೆಯವರು ನಾವು ಟೆಂಪೊ ಹತ್ತಿದ ಹಾಗೆ ವಿಮಾನ ಹತ್ತುತ್ತಾರೆ. ಅವರು ಸೀರೆ ಮಡಚುತ್ತಲೇ ಎರಡು ಮಾತು ಹೇಳಿದರಂತೆ: "ಅಕ್ಕಾ, ಟಿಕೆಟ್ ಫ್ರೀ ಅಂತಾರೆ, ಟ್ಯಾಕ್ಸ್ ಫ್ರೀ ಇಲ್ಲ, ಅದನ್ನ ಮೊದ್ಲು ಕೇಳಿ. ಮತ್ತೆ ಮುಂಬೈಗೆ ಹೋಗೂದಾದ್ರೆ ಬಲಗಡೆ ಕಿಟಕಿ ತಕಳ್ಳಿ, ಊರು ಆ ಬದಿಗೆ ಬರ್ತದೆ." ಶಾಲಿನಿ ತೆರಿಗೆಗೂ ಒಂದು ಕಾಲಂ ಹಾಕಿದಳು.

ನನ್ನ ಮನಸ್ಸು ಮೊದಲನೆಯ ಕಾರ್ಡಿನ ಮೇಲಿತ್ತು. ಕಪ್ಪು ಬಣ್ಣ, ಮೇಲೆ ಬಂಗಾರದ ವಿಮಾನ. ಬೋನಸ್ಸು ಎಷ್ಟಿತ್ತೆಂದರೆ ಹೋಗಿ ಬಂದು ಮತ್ತೊಮ್ಮೆ ಹೋಗಬಹುದಿತ್ತು. ತೊಂಬತ್ತು ದಿನದಲ್ಲಿ ಮೂರು ಲಕ್ಷ ಖರ್ಚು ಮಾಡಬೇಕು, ಅಷ್ಟೇ. ಮೂರನೆಯದಕ್ಕೆ ಫೀ ಇರಲಿಲ್ಲ, ಆದರೆ ಅದು ಟಿಕೆಟು ಕೊಡುವ ಕಂಪನಿಯ ವಿಮಾನ ಮಂಗಳೂರಿನ ಕಡೆ ಮುಖವನ್ನೇ ಹಾಕುವುದಿಲ್ಲವಂತೆ. ಶಾಲಿನಿ ನಡುವಿನದನ್ನು ಆರಿಸಿದಳು. ತೊಂಬತ್ತು ದಿನದಲ್ಲಿ ಒಂದು ಲಕ್ಷ, ಇಬ್ಬರಿಗೆ ಮುಂಬೈಗೆ ಹೋಗುವಷ್ಟು ಪಾಯಿಂಟು, ಬರುವಾಗ ರೈಲು. ದೊಡ್ಡದು ಯಾಕೆ ಬೇಡ ಎಂದು ಕೇಳಿದೆ. "ಅದು ನಮ್ಗೆ ಆಗೂದಲ್ಲ" ಎಂದಷ್ಟೇ ಹೇಳಿದಳು. ತನ್ನ ತಃಖ್ತೆಯ ಕೊನೆಯ ಕಾಲಮ್ಮಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಇಷ್ಟು ಜಾಣೆಗೆ ಇಷ್ಟು ಸಣ್ಣ ಆಸೆಯೇ ಎಂದು ನನಗೆ ಒಳಗೊಳಗೇ ಮರುಕವಾಯಿತು. ಉಳಿದ ಎರಡು ಬ್ಯಾಂಕಿನವರಿಗೆ ಬೇಡ ಎಂದು ಹೇಳುವ ಕೆಲಸವನ್ನೂ ಅವಳೇ ಮಾಡಿದಳು.

ಕಾರ್ಡು ಬಂತು. ಅವಳ ಹೆಸರಿಗೂ ಇನ್ನೊಂದು ಬಂತು, ಎರಡರ ಖರ್ಚೂ ಒಂದೇ ಲೆಕ್ಕಕ್ಕೆ. ಆಗಲೇ ನನಗೆ ತಿಳಿದದ್ದು, ನಮ್ಮ ಸೀಮೆಯಲ್ಲಿ ದುಡ್ಡು ಖರ್ಚು ಮಾಡುವುದು ದುಡಿಯುವುದಕ್ಕಿಂತ ಕಷ್ಟ ಎಂದು. ಮೀನಿನವಳಿಗೆ ಕಾರ್ಡು ತೋರಿಸುವುದುಂಟೇ? ಕಿರಾಣಿ ಅಂಗಡಿಯಲ್ಲಿ ಕಾರ್ಡು ಉಜ್ಜುವ ಮಿಷನ್ ಇತ್ತು, ಆದರೆ ಅದರ ಮೇಲೆ ಒಂದು ಟವೆಲ್ ಹೊದಿಸಿ, ಟವೆಲ್ಲಿನ ಮೇಲೆ ಕೊಬ್ಬರಿ ಚೀಲ ಇಟ್ಟಿದ್ದರು. ನಾನು ಕೇಳಿದ್ದಕ್ಕೆ ಚೀಲ ಇಳಿಸಿ, ಟವೆಲ್ ತೆಗೆದು, ನೆಟ್‌ವರ್ಕ್ ಸಿಗುವುದಿಲ್ಲವೆಂದು ಅಂಗಡಿಯವನೂ ನಾನೂ ಅದನ್ನು ಹಿಡಿದು ರಸ್ತೆಯ ಆಚೆಯ ತೆಂಗಿನ ಮರದ ಬುಡಕ್ಕೆ ಹೋದೆವು. ಹಿಂದೆ ನಾಲ್ಕು ಗಿರಾಕಿಗಳು ಕಾಯುತ್ತ ನಿಂತರು. ನಾನು ಖರ್ಚು ಮಾಡಿದ್ದು ನೂರಾ ನಲವತ್ತು ರೂಪಾಯಿ. ಮರುದಿನದಿಂದ ಆ ಅಂಗಡಿಯಲ್ಲಿ ನಾನು ಕಾರ್ಡು ಹೊರಗೆ ತೆಗೆಯಲಿಲ್ಲ.

ನನ್ನ ಮುಂದಿದ್ದ ದೊಡ್ಡ ಅವಕಾಶವೆಂದರೆ ತಾರಸಿಯ ಶೀಟು. ಮಳೆಗಾಲಕ್ಕೆ ಮುಂಚೆ ತಾರಸಿಗೆ ತಗಡಿನ ಮಾಡು ಹಾಕಿಸಬೇಕಿತ್ತು, ನಲವತ್ತು ಸಾವಿರದ ಬಾಬತ್ತು. ಕುಮಟಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಾಗೇಶ ನನ್ನ ಕಾಲೇಜು ಗೆಳೆಯ. ಶೀಟು ಬೇರೆ ಕಡೆ ತಂದರೆ ಅವನು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾನೆ. ಹೊರಡುವಾಗ ಶಾಲಿನಿ ಎರಡೇ ಮಾತು ಹೇಳಿದಳು. ದುಡ್ಡು ಕಾರ್ಡಿನಲ್ಲೇ ಕೊಡಬೇಕು, ಶೀಟು ನೀಲಿಯೇ ಆಗಬೇಕು. ಬಸ್ಸಿನಲ್ಲಿ ಮಿರ್ಜಾನಕ್ಕೆ ಹೋಗುವ ಪರಿಚಯದವರೊಬ್ಬರು ಮಾತಿಗೆ ಎಳೆದರೂ ನಾನು ಆ ಎರಡನ್ನೇ ಜಪಿಸುತ್ತ ಹೋದೆ.

ನಾಗೇಶ ಕುರ್ಚಿ ಕೊಟ್ಟ, ಚಾ ತರಿಸಿದ, ಅದರ ಜೊತೆ ಎರಡು ಬನ್ಸ್ ತರಿಸಿದ. ಬನ್ಸ್ ತಿಂದ ಮೇಲೆ ನನ್ನ ಬಲ ಅರ್ಧ ಇಳಿಯಿತು. ಹೇಗೋ ಧೈರ್ಯ ಮಾಡಿ ಜೇಬಿನಿಂದ ಕಾರ್ಡಿನ ಒಂದು ಮೂಲೆಯನ್ನು ಹೊರಗೆ ತೆಗೆದೆ. ಅವನು ಅದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ.

"ಎಂತದಾ ಅದು? ನಿನ್ ಹತ್ರ ಮಿಷನ್ ಹಚ್ಚಿ ದುಡ್ಡು ತಕಳ್ಳೂದಾ ನಾನು? ಇಡು ಒಳಗೆ. ನಿಂಗೆ ಆದಾಗ ಕೊಡು."

ನಾನು ಒಳಗೆ ಇಟ್ಟೆ. ನೀಲಿ ಶೀಟು ಎಂದೆ. ನೀಲಿ ಬರುವುದಕ್ಕೆ ಎಂಟು ದಿನವಾಗುತ್ತದೆ, ಹಸಿರು ನಿನಗೆಂದೇ ತೆಗೆದು ಇಟ್ಟಿದ್ದೇನೆ, ಕಣ್ಣಿಗೂ ತಂಪು ಎಂದ. ನನಗೆಂದೇ ತೆಗೆದು ಇಟ್ಟದ್ದನ್ನು ಬೇಡವೆನ್ನುವುದು ಹೇಗೆ? ಹಸಿರು ಎಂದೆ. ಅವನು ತನ್ನ ಗಾಡಿಯಲ್ಲೇ, ಬಾಡಿಗೆಯಿಲ್ಲದೆ, ಶೀಟಿನ ಜೊತೆ ನನ್ನನ್ನೂ ಹೇರಿ ಕಳಿಸಿದ.

ಹಸಿರು ಶೀಟುಗಳನ್ನು ಇಳಿಸುವಾಗ ಶಾಲಿನಿ ಬಾಗಿಲಲ್ಲಿ ನಿಂತು ನೋಡಿದಳು. ಕತ್ತೆತ್ತಿ ಒಮ್ಮೆ ಆಕಾಶ ನೋಡಿ ಒಳಗೆ ಹೋದಳು. ದುಡ್ಡಿನ ಸುದ್ದಿ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ವಾರ ಬಿಟ್ಟು ನಾಗೇಶನಿಗೆ ಚೆಕ್ಕು ಕಳಿಸಿದೆ. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಅವಳು ತಾನೇ ದಾರಿ ಹುಡುಕಿಕೊಂಡು ವಿಮಾನದ ಬಾಗಿಲವರೆಗೆ ಬಂದಿದ್ದಾಳೆ, ಅದನ್ನು ನಾನು ಎರಡು ಬನ್ಸಿಗೆ ಮಾರಿಬಿಟ್ಟೆನಲ್ಲ. ತೊಂಬತ್ತನೆಯ ದಿನ ಹತ್ತಿರ ಬಂದಾಗ ತಡೆಯಲಾರದೆ ಅವಳ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಶಾಲಿನಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ಒರೆಸಿಕೊಂಡು ಮೊಬೈಲು ತಂದು ತೋರಿಸಿದಳು. ಬೋನಸ್ಸು ಬಂದು ಹತ್ತು ದಿನವಾಗಿತ್ತು. ಪಕ್ಕದ ಮನೆಯ ಮದುವೆಗೆ ಜುಬೇರ್ ಭಾಯಿ ಅಂಗಡಿಯಲ್ಲಿ ತೆಗೆದ ಅಷ್ಟೂ ಬಟ್ಟೆಗೆ ತನ್ನ ಕಾರ್ಡು ಕೊಟ್ಟು, ಆ ಮನೆಯವರಿಂದ ರೊಕ್ಕ ತೆಗೆದುಕೊಂಡು, ಬ್ಯಾಂಕಿಗೆ ಅಂದೇ ಕಟ್ಟಿಬಿಟ್ಟಿದ್ದಳು. ಮತ್ತೆ ಒಳಗಿಂದ ಆ ಕ್ಯಾಲೆಂಡರಿನ ಹಾಳೆಯನ್ನೂ ತಂದು ಮುಂದಿಟ್ಟಳು. ಅಂಗೈಯಡಿ ಮುಚ್ಚಿಟ್ಟುಕೊಂಡಿದ್ದ ಕೊನೆಯ ಕಾಲಮ್ಮಿನ ತಲೆಯ ಮೇಲೆ "ಇವರ ದಾಕ್ಷಿಣ್ಯ" ಎಂದು ಬರೆದಿತ್ತು. ಮೂರು ಲಕ್ಷದ ಕಾರ್ಡಿನ ಎದುರು "ಸಾಧ್ಯವೇ ಇಲ್ಲ". ನಮ್ಮ ಕಾರ್ಡಿನ ಎದುರು, "ನಾಗೇಶನ ಅಂಗಡಿ, ನಲವತ್ತು ಸಾವಿರ, ಬರೂದಿಲ್ಲ". ಅದನ್ನು ಅವಳು ಬರೆದದ್ದು ನಾನು ಕುಮಟಾಕ್ಕೆ ಹೋಗುವ ಎರಡು ತಿಂಗಳು ಮೊದಲು.

ಹಾಗಾದರೆ ನನ್ನನ್ನು ಕಾರ್ಡು ಕೊಟ್ಟು ಕಳಿಸಿದ್ದು ಯಾಕೆ ಎಂದು ಕೇಳಿದೆ.

"ಗುಣ ಆಗಿದ್ರೂ ಆಗಿರ್ಬಹುದು, ನೋಡ್ವ ಅಂತ" ಎಂದು ಮತ್ತೆ ಬೆಳ್ಳುಳ್ಳಿಗೆ ಕೂತಳು.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹೆಮ್ಮೆಯಾಯಿತು. ಬ್ಯಾಂಕಿನವರು ಗಿರಾಕಿಯ ಸಂಬಳ ನೋಡುತ್ತಾರೆ, ಸಾಲ ನೋಡುತ್ತಾರೆ, ಗಿರಾಕಿಯ ಸ್ವಭಾವಕ್ಕೆ ಒಂದು ಕಾಲಂ ಹಾಕುವ ಬುದ್ಧಿ ಅವರಲ್ಲಿ ಯಾರಿಗೂ ಬಂದಿಲ್ಲ.

ಹೊರಟೆವು. ಉತ್ತರಕ್ಕೆ ಹೋಗಬೇಕಾದವರು ದಕ್ಷಿಣದ ರೈಲು ಹತ್ತಿದ್ದು ನೋಡಿ ಕೇರಿಯವರು ನಕ್ಕರು. ಗೋವೆಯಿಂದ ಹತ್ತಿದರೆ ನಮ್ಮ ಮನೆ ದಾರಿಯಲ್ಲಿ ಸಿಗುವುದಿಲ್ಲವೆಂದು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಮಂಗಳೂರಿನಲ್ಲಿ ವಿಮಾನದೊಳಗೆ ಹೋಗಿ ನೋಡಿದರೆ ಶಾಲಿನಿಯ ಬಲಗಡೆಯ ಕಿಟಕಿಯಲ್ಲಿ ಒಬ್ಬ ಗೃಹಸ್ಥ ಆಗಲೇ ಆರಾಮಾಗಿ ಕೂತಿದ್ದ. ನನ್ನನ್ನು ನೋಡಿ, ಪರವಾಗಿಲ್ಲವಲ್ಲ ಎಂದು ನಕ್ಕ. ನನ್ನ ಬಾಯಿ ಪರವಾಗಿಲ್ಲ ಎನ್ನುವುದಕ್ಕೆ ತೆರೆದೇ ಇತ್ತು. ಅಷ್ಟರಲ್ಲಿ ಶಾಲಿನಿ "ಅದು ನನ್ ಸೀಟು" ಎಂದಳು, ಅವನು ಎದ್ದ. ಆದರೆ ಅವನ ಹೆಂಡತಿ ನಮ್ಮ ಸಾಲಿನಲ್ಲೇ ಇದ್ದಳು, ಅವನ ಸೀಟು ಎಲ್ಲೋ ಹಿಂದೆ. ಗಂಡ ಹೆಂಡಿರನ್ನು ಅಗಲಿಸುವ ಪಾಪ ಬೇಡವೆಂದು ನಾನು ನನ್ನ ಸೀಟು ಅವನಿಗೆ ಕೊಟ್ಟು ಕೊನೆಯ ಸಾಲಿಗೆ ಹೋದೆ. ನಾನೂ ಒಬ್ಬ ಗಂಡ ಎನ್ನುವುದು ವಿಮಾನ ಮೇಲೆ ಏರಿದ ಮೇಲೆ ನೆನಪಾಯಿತು. ಗೊರಕೆ ಹೊಡೆಯುವ ಇಬ್ಬರ ನಡುವೆ ಕೂತು, ಈಗ ಭಟ್ಕಳ ಬಂದಿರಬೇಕು, ಈಗ ಶರಾವತಿ ಬಂದಿರಬೇಕು ಎಂದು ಮುಂದಿನ ಸೀಟಿನ ಬೆನ್ನು ನೋಡುತ್ತ ಲೆಕ್ಕ ಹಾಕಿದೆ.

ಮುಂಬೈಯಲ್ಲಿ ಇಳಿದು ಅವಳನ್ನು ಕೂಡಿಕೊಂಡ ಕೂಡಲೇ, ಮನೆ ಕಂಡಿತಾ ಎಂದು ಕೇಳಿದೆ. ಶರಾವತಿ ಕಂಡಿತಂತೆ, ಸೇತುವೆ ಕಂಡಿತಂತೆ, ಅಳಿವೆಯ ಮರಳು ಬೆಳ್ಳಗೆ ಕಂಡಿತಂತೆ. ಹೇಳುವಾಗ ಅವಳ ಮುಖ ಹೊಸ ಮದುಮಗಳ ಹಾಗೆ ಆಗಿತ್ತು.

"ಸೇತುವೆಯಿಂದ ಲೆಕ್ಕ ಹಾಕ್ಕಂಡು ನಮ್ಮ ಕೇರಿವರೆಗೂ ಬಂದೆ. ಆಮೇಲೆ ಎಲ್ಲಾ ತೆಂಗಿನ ಮರ, ಎಲ್ಲಾ ಹಸಿರು. ಅದ್ರಲ್ಲಿ ನಮ್ಮ ಮಾಡು ಯಾವ್ದು ಅಂತ ಗೊತ್ತಾಗ್ಲಿಲ್ಲ. ನೀಲಿ ಶೀಟು ತನ್ನಿ ಅಂದಿದ್ದು ಅದಕ್ಕೇ ಆಗಿತ್ತು."

ಅವಳು ನನ್ನ ಮುಖ ನೋಡಿ ಸಮಾಧಾನ ಮಾಡುವವಳಂತೆ, ನಾಗೇಶ ಹಸಿರು ಕೊಟ್ಟು ಕಳಿಸುತ್ತಾನೆ ಎನ್ನುವುದೊಂದು ತನ್ನ ಕಾಲಮ್ಮಿನಲ್ಲಿ ಬಿಟ್ಟುಹೋಗಿತ್ತು, ತಪ್ಪು ತನ್ನದೇ ಎಂದಳು. ಮಾಡಿಗೆ ನೀಲಿ ಬಣ್ಣ ಹೊಡೆಸೋಣ, ನಾಗೇಶನ ಅಂಗಡಿಯಲ್ಲಿ ಬಣ್ಣವೂ ಸಿಗುತ್ತದೆ ಎಂದೆ.

"ಆತು. ಬಣ್ಣ ತರೂಕೆ ನಾ ಹೋಗ್ತೆ" ಎಂದು ಅವಳು ಚೀಲ ಎತ್ತಿಕೊಂಡು ನಿಲ್ದಾಣದ ಬಾಗಿಲ ಕಡೆ ನಡೆದಳು.

ನಾನು ಹಿಂದಿನಿಂದ ಹೊರಟವನು ಎರಡು ಹೆಜ್ಜೆ ಹಾಕುವಷ್ಟರಲ್ಲಿ, ಅಲ್ಲೇ ಮೇಜು ಹಾಕಿಕೊಂಡು ನಿಂತಿದ್ದ ಹುಡುಗಿಯೊಬ್ಬಳು ಅಡ್ಡ ಬಂದು, ಎರಡೇ ನಿಮಿಷ ಸರ್, ವಿಮಾನದ ಟಿಕೆಟು ಕೊಡುವ ಕಾರ್ಡು ಎಂದಳು. ಮನೆಯ ಮಾಡು ಹುಡುಕಲು ಇನ್ನೊಂದು ಸಲ ಹೋಗಬೇಕಾದವರಿಗೆ ಇನ್ನೊಂದು ಕಾರ್ಡು ಬೇಕಾಗಬಹುದು ನಿಜ, ಆದರೆ ಶಾಲಿನಿ ನೋಡದೆ, ಕಾಲಂ ಹಾಕದೆ ಸಹಿ ಮಾಡಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆಂದು ಹೇಳಿಯೂ ಬಿಡುತ್ತಿದ್ದೆ. ಅಷ್ಟರಲ್ಲಿ ಆ ಹುಡುಗಿ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟುಬಿಟ್ಟಿದ್ದಳು. ಪಾಪ, ಮುಚ್ಚಳ ತೆಗೆದ ಮೇಲೆ ಬೇಡ ಎನ್ನುವುದು ಹೇಗೆ?